ಹತ್ತು ಗ್ರಾಂ ತೂಕ, ಒಂದು ಇಂಚು ಎತ್ತರ

ಊರಿಗೆ ಬಂದು ಹದಿನೈದು ದಿನವಾಯಿತು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಮುಗಿಯುತ್ತ ಬಂದಿದೆ. ಶಿರಸಿ ಪೇಟೆ ಬಿಟ್ಟು ಹುಲೇಕಲ್ ದಾರಿ ಹಿಡಿದರೆ ಎರಡೂ ಬದಿಯ ಅಂಗಳಗಳಲ್ಲಿ ಅಡಿಕೆ ಒಣಗುತ್ತಿದೆ. ನಮ್ಮನೆಯಲ್ಲಿ ರಾತ್ರಿ ಊಟ ಮುಗಿಸಿ ಎಂಟು ಹತ್ತು ಜನ ಜಗುಲಿಯ ಮೇಲೆ ಸುಲಿಯಲಿಕ್ಕೆ ಕೂರುತ್ತಾರೆ. ನಾನೂ ಕೂರುತ್ತೇನೆ. ಸುಲಿಯುವುದು ಕಮ್ಮಿ, ಮಾತು ಜಾಸ್ತಿ.

ಮೊನ್ನೆ ಪಕ್ಕದ ಮನೆ ಮಾಣಿ ಕೈಯಲ್ಲಿ ಅಡಿಕೆ ಹಿಡಿದುಕೊಂಡೇ ಕೇಳಿದ. ಪಿಯುಸಿ ಓದುವ ಹುಡುಗ. "ಅತ್ತೆ, ನೀನು ಇಷ್ಟು ವರ್ಷದಿಂದ ಇಲಿ ಬೆನ್ನು ಮುರೀತಾ ಇದ್ದೆ ಅಲ್ದಾ? ಒಬ್ಬ ಮನುಷ್ಯ ಆದ್ರೂ ಎದ್ದು ನಡದ್ನಾ?"

ಜಗುಲಿ ತುಂಬ ನಗು. ಆಯಿ ಮಾತ್ರ ಅವನ ಕಡೆ ಕಣ್ಣು ಬಿಟ್ಟಳು. ನಾನು "ಇಲ್ಲ" ಅಂದೆ. "ನನ್ನ ಲ್ಯಾಬಿನ ಕೆಲಸದಿಂದ ಒಬ್ಬರೂ ಎದ್ದಿಲ್ಲ." ಪಾಪ, ಅವನು ಏನೋ ದೊಡ್ಡ ಕತೆ ಬರುತ್ತದೆ ಅಂದುಕೊಂಡಿದ್ದ. ಸುಮ್ನೆ ತಲೆ ತಗ್ಗಿಸಿ ಸುಲಿಯತೊಡಗಿದ.

ಮುರಿದ ಬೆನ್ನುಹುರಿಯನ್ನು ಸರಿಮಾಡಬಹುದಾ ಅಂತ ಇಲಿಗಳಲ್ಲಿ ಹುಡುಕುವುದು ನನ್ನ ಕೆಲಸ. ಅವನ ಪ್ರಶ್ನೆ ನನಗೆ ಹೊಸದಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ಎಲ್ಲರೂ ಕೇಳುವುದು ಅದನ್ನೇ. ನನ್ನ ಕೆಲಸದ ದಿಕ್ಕು ತಿರುಗಿಸಿದ್ದು ಬೇರೆಯೇ ಒಂದು ಪ್ರಶ್ನೆ. ಅದನ್ನು ಕೇಳಿದವರು ಇದೇ ಊರಿನವರು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಅವರ ಬಗ್ಗೆ ಯಾವತ್ತೂ ಬರೆದಿಲ್ಲ.

ಅಡಿಕೆ ಮರ ಹತ್ತಿ ಕೊನೆ ಇಳಿಸುವವರನ್ನು ನಮ್ಮ ಕಡೆ ಕೊನೆಗೌಡ ಅನ್ನುತ್ತಾರೆ. ನಮ್ಮ ತೋಟಕ್ಕೆ ಬರುತ್ತಿದ್ದವರ ಹೆಸರು ಬರೆಯುವುದಿಲ್ಲ, ಗೌಡರು ಅಂತಲೇ ಬರೆಯುತ್ತೇನೆ. ಆಗೆಲ್ಲ ನಮ್ಮನೆಯ ಮಕ್ಕಳೂ ಅವರನ್ನು ಏಕವಚನದಲ್ಲೇ ಕೂಗುತ್ತಿದ್ದೆವು. ಈಗ ನೆನೆದರೆ ನಾಚಿಕೆ ಅನ್ನಿಸುತ್ತದೆ. ಬಹುವಚನ ತಡವಾಗಿ ಬಂತು, ಆದರೂ ಬರಲಿ.

1987ರ ಡಿಸೆಂಬರ್. ನಾನು ಎಂಟನೇ ಕ್ಲಾಸು. ಉದುರು ಅಡಿಕೆ ಹೆಕ್ಕಲಿಕ್ಕೆ ತೋಟಕ್ಕೆ ಇಳಿದಿದ್ದೆ. ಒಳ್ಳೆಯ ಕೊನೆಗೌಡ ಮರಕ್ಕೊಂದು ಸಲ ಹತ್ತಿ ಇಳಿಯುತ್ತ ಕೂರುವುದಿಲ್ಲ. ಒಂದು ಮರದ ತುದಿಯಲ್ಲಿ ಕೂತು ತೂಗಿ, ಪಕ್ಕದ ಮರ ಹಿಡಿದು, ಮೇಲಿಂದ ಮೇಲೇ ದಾಟುತ್ತಾನೆ. ಅದನ್ನು ನೋಡಲಿಕ್ಕೇ ನಾವು ಹೋಗುತ್ತಿದ್ದದ್ದು. ಅವತ್ತು ಗೌಡರು ದಾಟಿದ ಮರದ ಒಳಗೆ ಕೊಳೆತಿತ್ತು. ಚಟ್ ಅಂತ ಒಂದು ಸದ್ದು. ನಲವತ್ತು ಅಡಿ ಎತ್ತರ ಇದ್ದೀತು. ಬುಡಕ್ಕೆ ಹೊಸ ಸೊಪ್ಪು ಹಾಕಿದ್ದರಿಂದ ಜೀವ ಉಳಿಯಿತು ಅಂತ ಆಮೇಲೆ ಎಲ್ಲರೂ ಹೇಳಿದರು.

ಬಿದ್ದವರಿಗೆ ಎಚ್ಚರ ಇತ್ತು. "ನನ್ನ ಕಾಲು ಎಲ್ಲದೆ?" ಅಂತ ಕೇಳಿದರು. ಎರಡೂ ಕಾಲು ಅವರ ಮುಂದೇ ಚಾಚಿಕೊಂಡಿದ್ದವು.

ಇಬ್ಬರು ರಟ್ಟೆ ಹಿಡಿದರು, ಇಬ್ಬರು ಕಾಲು ಹಿಡಿದರು. ಕಂಬಳಿಯಲ್ಲಿ ತೊಟ್ಟಿಲು ಮಾಡಿ ಎತ್ತಿ ರಸ್ತೆಗೆ ತಂದರು. ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಶಿರಸಿಗೆ ಹೋದರು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ. ಬೆನ್ನೆಲುಬು ಮುರಿದವರನ್ನು ಹಾಗೆ ಮಡಚಬಾರದು ಅಂತ ಅವತ್ತು ಯಾರಿಗೂ ಗೊತ್ತಿರಲಿಲ್ಲ. ಕೊಟ್ಟಿಗೆಯ ಬಾಗಿಲು ಕಿತ್ತು ತಂದು, ತಲೆ, ಸೊಂಟ, ಕಾಲು ಒಂದೇ ಗೆರೆಯಲ್ಲಿ ಇರುವ ಹಾಗೆ ನಾಲ್ಕು ಜನ ಒಟ್ಟಿಗೇ ಹೊರಳಿಸಿ ಅದರ ಮೇಲೆ ಮಲಗಿಸಬೇಕಿತ್ತು. ಇದನ್ನು ನಾನು ಈಗ ಪ್ರತಿ ವರ್ಷ ಕೊಯ್ಲಿನ ಮೊದಲು ಊರಿನ ಹುಡುಗರಿಗೆ ಮಾಡಿ ತೋರಿಸುತ್ತೇನೆ. ನನ್ನ ಇಡೀ ವಿದ್ಯೆಯಲ್ಲಿ ಊರಿಗೆ ನೇರ ಉಪಯೋಗಕ್ಕೆ ಬಂದದ್ದು ಅದೊಂದೇ ಇರಬೇಕು. ದೂರದ ಸಮಸ್ಯೆ ಮಾತ್ರ ಹಾಗೇ ಉಳಿದಿದೆ. ನಮ್ಮ ಜಿಲ್ಲೆಯ ಅಂಬ್ಯುಲೆನ್ಸುಗಳಿಗೆ ಗೊತ್ತಿರುವ ದಾರಿಗಳು ಹುಬ್ಬಳ್ಳಿ, ಮಣಿಪಾಲ, ಮಂಗಳೂರು. ಕಾರವಾರದವರಿಗೆ ಗೋವಾ.

ಮೂರು ತಿಂಗಳ ಮೇಲೆ ಗೌಡರನ್ನು ಮನೆಗೆ ತಂದರು. ಸೊಂಟದಿಂದ ಕೆಳಗೆ ಏನೂ ಇಲ್ಲ. ಕೈ ಮಾತ್ರ ಮೊದಲಿನಂತೇ ಗಟ್ಟಿ. ಆಸ್ಪತ್ರೆಯ ಒಬ್ಬರು ನರ್ಸ್ ಅವರ ಹೆಂಡತಿಗೆ ಒಂದು ಮಾತು ಹೇಳಿ ಕಳಿಸಿದ್ದರಂತೆ: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲಾಗಲಿ ರಾತ್ರಿಯಾಗಲಿ. ಆ ಹೆಂಗಸು ಅದನ್ನು ಅಕ್ಷರಶಃ ಪಾಲಿಸಿದಳು. ಮುಂದೆ ಓದುವಾಗ ನನಗೆ ಈ ಎರಡು ತಾಸಿನ ಲೆಕ್ಕ ಎಲ್ಲಿಂದ ಬಂತು ಅಂತ ಗೊತ್ತಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರು ಬೆನ್ನುಹುರಿ ಮುರಿದ ಸೈನಿಕರ ವಾರ್ಡ್ ಶುರು ಮಾಡಿದರು. ಅಲ್ಲಿಯವರೆಗೆ ಇಂಥವರು ಹೆಚ್ಚಾಗಿ ಒಂದೆರಡು ವರ್ಷದಲ್ಲಿ ಸಾಯುತ್ತಿದ್ದರು. ಕೊಲ್ಲುತ್ತಿದ್ದದ್ದು ಬೆನ್ನಿನ ಗಾಯವಲ್ಲ, ಮಲಗಿ ಮಲಗಿ ಆಗುವ ಹುಣ್ಣು ಮತ್ತು ಮೂತ್ರದ ಸೋಂಕು. ಗುಟ್‌ಮನ್ ಎರಡು ತಾಸಿಗೊಮ್ಮೆ ಹೊರಳಿಸುವ ಪದ್ಧತಿ ತಂದರು. 1948ರಲ್ಲಿ ಅದೇ ರೋಗಿಗಳಿಂದ ಬಿಲ್ಲುಬಾಣದ ಸ್ಪರ್ಧೆ ಆಡಿಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಹಾಗೆ. ಔಷಧಿ ಇಲ್ಲ, ಆಪರೇಷನ್ ಇಲ್ಲ, ಬರೀ ಹೊರಳಿಸುವುದು. ನನ್ನ ಕ್ಷೇತ್ರದಲ್ಲಿ ಇವತ್ತಿಗೂ ಅಷ್ಟು ಜೀವ ಉಳಿಸಿದ ಇನ್ನೊಂದು ಉಪಾಯ ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಕೊಯ್ಲಿನ ದಿನಗಳಲ್ಲಿ ಅಪ್ಪಯ್ಯ ಗೌಡರ ಮನೆಗೇ ಬುಟ್ಟಿಯಲ್ಲಿ ಅಡಿಕೆ ಕಳಿಸುತ್ತಿದ್ದರು. ಮೆಟ್ಟುಗತ್ತಿಯ ಮಣೆ ಮೇಲೆ ಕೂತು ಸುಲಿದರೆ ಊರಲ್ಲಿ ಅವರ ಸಮ ಇನ್ನೊಬ್ಬರಿಲ್ಲ. ಒಂದು ವರ್ಷ ಹಟಕ್ಕೆ ಬಿದ್ದು ಬೆಳಗಿನವರೆಗೂ ಸುಲಿದರು. ಕೆಳಗೆ ಮಣೆಯ ಅಂಚು ಒತ್ತಿ ಹುಣ್ಣಾದದ್ದು ಅವರಿಗೆ ಗೊತ್ತಾಗಲೇ ಇಲ್ಲ. ನೋವಿಲ್ಲವಲ್ಲ. ಆ ಹುಣ್ಣು ಮಾಯಲಿಕ್ಕೆ ಏಳು ತಿಂಗಳು ಹಿಡಿಯಿತು.

ನಾನು ಈ ಕ್ಷೇತ್ರಕ್ಕೆ ಬಂದದ್ದು ಗೌಡರಿಗೋಸ್ಕರ ಅಂದರೆ ಸುಳ್ಳಾಗುತ್ತದೆ. ಸಂದರ್ಶನಗಳಲ್ಲಿ ಹಾಗೆ ಹೇಳಿದ್ದೇನೆ, ಕೇಳಲಿಕ್ಕೆ ಚಂದ. ನಿಜ ಏನೆಂದರೆ ಶಿರಸಿಯಲ್ಲಿ ಬಿಎಸ್ಸಿ ಮಾಡಿದೆ, ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ ಸಿಕ್ಕಿತು, ಬೆಂಗಳೂರಿನಲ್ಲಿ ಪಿಎಚ್‌ಡಿಗೆ ನರಕೋಶಗಳ ಲ್ಯಾಬಿನಲ್ಲಿ ಸೀಟು ಖಾಲಿ ಇತ್ತು. ಅಷ್ಟೇ. ಆದರೆ ಒಳಗೆ ಹೋದ ಮೇಲೆ ಬಿಡಲಿಕ್ಕೆ ಆಗಲಿಲ್ಲ.

ಬೆನ್ನುಹುರಿ ಕಿರುಬೆರಳಿನ ದಪ್ಪ, ಒಂದೂವರೆ ಅಡಿ ಉದ್ದ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಮೆದುಳುಬಳ್ಳಿ ಅಂತಿತ್ತು, ನನಗೆ ಆ ಹೆಸರೇ ಇಷ್ಟ. ಕೈಗೆ ಗಾಯವಾಗಿ ನರ ತುಂಡಾದರೆ ಅದು ದಿನಕ್ಕೆ ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಮೆದುಳುಬಳ್ಳಿಯಲ್ಲಿ ತುಂಡಾದರೆ ಬೆಳೆಯುವುದಿಲ್ಲ. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಚಿತ್ರ ಬರೆದವರು, 1906ರಲ್ಲಿ ನೊಬೆಲ್ ಪಡೆದವರು. ಬೆಳೆದವರ ಮಿದುಳು, ಬೆನ್ನುಹುರಿಗಳಲ್ಲಿ ಎಲ್ಲವೂ ಸಾಯಬಹುದು, ಯಾವುದೂ ಮತ್ತೆ ಹುಟ್ಟುವುದಿಲ್ಲ ಅಂತ ತೀರ್ಪು ಕೊಟ್ಟು, ಅದನ್ನು ಬದಲಿಸುವ ಕೆಲಸ ಮುಂದಿನವರಿಗೆ ಬಿಟ್ಟರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ತೀರ್ಪು ಹಾಗೇ ನಿಂತಿತ್ತು.

1981ರಲ್ಲಿ ಮಾಂಟ್ರಿಯಲ್‌ನ ಆಲ್ಬರ್ಟ್ ಅಗಾಯೊ ಮತ್ತು ಸ್ಯಾಮ್ ಡೇವಿಡ್ ಒಂದು ಸರಳ ಕೆಲಸ ಮಾಡಿದರು. ಇಲಿಯ ಕಾಲಿನ ನರದ ಒಂದು ತುಂಡು ತೆಗೆದು ಬೆನ್ನುಹುರಿಗೆ ಸೇತುವೆಯಂತೆ ಜೋಡಿಸಿದರು. ಬೆಳೆಯುವುದೇ ಇಲ್ಲ ಅಂದುಕೊಂಡಿದ್ದ ಬೆನ್ನುಹುರಿಯ ನರತಂತುಗಳು ಆ ಸೇತುವೆಯೊಳಗೆ ಮೂರು ಸೆಂಟಿಮೀಟರಿನಷ್ಟು ಬೆಳೆದವು. ಆಚೆ ತುದಿಯಲ್ಲಿ ಮತ್ತೆ ಬೆನ್ನುಹುರಿಗೆ ಹೊಕ್ಕು ಸ್ವಲ್ಪ ದೂರದಲ್ಲೇ ನಿಂತುಬಿಟ್ಟವು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತೋಟದ ಕಾಳುಮೆಣಸು. ಬಳ್ಳಿ ಮೇಲೇರದಿದ್ದರೆ ಅಪ್ಪಯ್ಯ ಬಳ್ಳಿಯನ್ನು ಬೈಯುತ್ತಿರಲಿಲ್ಲ. ಮರ ನೋಡು, ಮರದ ಸಿಪ್ಪೆ ನೋಡು ಅನ್ನುತ್ತಿದ್ದರು. ಇಲ್ಲಿಯೂ ಬಳ್ಳಿಗೆ ಹಬ್ಬುವ ಶಕ್ತಿ ಇತ್ತು, ಹಬ್ಬಲಿಕ್ಕೆ ಮರ ಬಿಡುತ್ತಿರಲಿಲ್ಲ. ಮುಂದೆ ಜೂರಿಕ್‌ನ ಮಾರ್ಟಿನ್ ಶ್ವಾಬ್ ಮತ್ತಿತರರು ಬೆನ್ನುಹುರಿಯೊಳಗೆ ಬೆಳವಣಿಗೆಗೆ ತಡೆ ಹಾಕುವ ವಸ್ತುಗಳನ್ನು ಒಂದೊಂದಾಗಿ ಹಿಡಿದು ತೋರಿಸಿದರು.

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಎಳೆಯ ಕೋಶ, ಈ ಕತೆಯೊಳಗೆ ಬರುವುದು ಇಲ್ಲಿ. ಬಿದ್ದ ಕ್ಷಣದಲ್ಲಿ ಆಗುವುದು ಮೊದಲ ಪೆಟ್ಟು ಮಾತ್ರ. ಆಮೇಲಿನ ದಿನಗಳಲ್ಲಿ ರಕ್ತ ಸೋರಿ, ಬಾವು ಬಂದು, ಅಕ್ಕಪಕ್ಕದ ಒಳ್ಳೆಯ ಕೋಶಗಳೂ ಸಾಯುತ್ತವೆ. ನರತಂತುವಿನ ಮೇಲೆ ಮಯಲಿನ್ ಎಂಬ ಹೊದಿಕೆ ಸುತ್ತುವ ಕೋಶಗಳು ಸಾಯುತ್ತವೆ. ತಿಂಗಳು ಕಳೆದರೆ ನೀರು ತುಂಬಿದ ಒಂದು ಗುಳಿ, ಸುತ್ತ ಗಟ್ಟಿ ಗಾಯದ ಕಲೆ. ಆ ಗುಳಿಯೊಳಗೆ ಎಳೆಯ ಕೋಶಗಳನ್ನು ಬಿಟ್ಟರೆ ಅವು ಹೊಸ ಹೊದಿಕೆ ಸುತ್ತಬಹುದು, ಹೊಸ ನರಕೋಶವಾಗಿ ಮೇಲಿನ ಸುದ್ದಿ ಕೆಳಗೆ ದಾಟಿಸಬಹುದು, ಕಡೇಪಕ್ಷ ಉಳಿದ ಕೋಶಗಳಿಗೆ ಪೋಷಣೆ ಕೊಡಬಹುದು. ಮೂರೂ ಆಸೆಗಳೇ. 1998ರಲ್ಲಿ ಜೇಮ್ಸ್ ಥಾಮ್ಸನ್ ಮನುಷ್ಯನ ಭ್ರೂಣದ ಸ್ಟೆಮ್ ಸೆಲ್ ಬೆಳೆಸಿದ ಮೇಲೆ ಈ ಆಸೆಗಳಿಗೆ ರೆಕ್ಕೆ ಬಂತು. ನಾನು ಪಿಎಚ್‌ಡಿ ಮುಗಿಸಿ ಹೊರದೇಶದ ಲ್ಯಾಬಿಗೆ ಹೋದದ್ದು 2003ರಲ್ಲಿ, ಆ ಉತ್ಸಾಹದ ಮಧ್ಯದಲ್ಲಿ.

ಆ ಲ್ಯಾಬಿನಲ್ಲಿ ಒಂದು ಯಂತ್ರ ಇತ್ತು. ಇಲಿಗೆ ಅರಿವಳಿಕೆ ಕೊಟ್ಟು, ಬೆನ್ನಿನ ಒಂದು ಎಲುಬು ಬಿಡಿಸಿ, ಬೆನ್ನುಹುರಿಯ ಮೇಲೆ 10 ಗ್ರಾಂ ತೂಕದ ಸಣ್ಣ ಕಡ್ಡಿಯನ್ನು 25 ಮಿಲಿಮೀಟರ್ ಎತ್ತರದಿಂದ ಬೀಳಿಸುವುದು. ಒಂದು ಇಂಚು, ಅಷ್ಟೇ. ಇಲಿಯ ಹಿಂಗಾಲುಗಳು ಸತ್ತುಹೋಗುತ್ತವೆ. ಮೊದಲ ಸಲ ನಾನೇ ಗುಂಡಿ ಒತ್ತಿದ ದಿನ ರೂಮಿಗೆ ಬಂದು ಊಟ ಮಾಡಲಿಲ್ಲ. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾದದ್ದಕ್ಕೆ ಹೆಮ್ಮೆಯೇನಿಲ್ಲ.

ಈ ಇಲಿಗಳಿಗೆ ಮೂತ್ರ ಹೋಗುವುದಿಲ್ಲ. ಹಾಗಾಗಿ ದಿನಕ್ಕೆ ಎರಡು ಮೂರು ಸಲ, ಒಂದೊಂದನ್ನೇ ಎತ್ತಿ, ಹೊಟ್ಟೆಯ ಕೆಳಗೆ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ, ಮೂತ್ರ ಹಿಂಡಿ ತೆಗೆಯಬೇಕು. ಜೋರಾಗಿ ಒತ್ತಿದರೆ ಮೂತ್ರಕೋಶ ಒಡೆಯುತ್ತದೆ, ಬಿಟ್ಟರೆ ಸೋಂಕಾಗುತ್ತದೆ. ಶನಿವಾರ, ಭಾನುವಾರ, ಕ್ರಿಸ್‌ಮಸ್, ಹಿಮ, ಯಾವುದೂ ಲೆಕ್ಕಕ್ಕಿಲ್ಲ. ಲ್ಯಾಬಿನ ಅತಿ ಕಿರಿಯರ ಪಾಲಿಗೆ ಬರುವ ಕೆಲಸ. ಐದು ವರ್ಷದಲ್ಲಿ ಎಷ್ಟು ಸಾವಿರ ಸಲ ಮಾಡಿದೆನೋ. ಈಗಲೂ ಆಕಳು ಕರೆಯುವಾಗ ಆಯಿ ನನ್ನ ಕೈ ಹಿಡಿತ ನೋಡಿ, ಪರವಾಗಿಲ್ಲ, ಮರೆತಿಲ್ಲ ಅನ್ನುತ್ತಾಳೆ. ಅದು ಎಲ್ಲಿಯ ಅಭ್ಯಾಸ ಅಂತ ಅವಳಿಗೆ ಹೇಳಿಲ್ಲ.

ನಮ್ಮ ನಿಜವಾದ ಕಣ್ಣು ನಡಿಗೆಯ ಮೇಲೆ. 1995ರಲ್ಲಿ ಬಾಸೊ, ಬೀಟಿ, ಬ್ರೆಸ್ನಹನ್ ಎಂಬ ಮೂವರು ಅಮೆರಿಕದ ಒಹಾಯೊದಲ್ಲಿ ಮಾಡಿದ ಒಂದು ಅಳತೆ ಇದೆ. ಇಲಿಯನ್ನು ದೊಡ್ಡ ತಟ್ಟೆಯಂಥ ಜಾಗದಲ್ಲಿ ನಾಲ್ಕು ನಿಮಿಷ ಬಿಟ್ಟು, ಇಬ್ಬರು ಕೂತು ನೋಡಿ, ಸೊನ್ನೆಯಿಂದ 21ರವರೆಗೆ ಅಂಕ ಕೊಡುವುದು. ಸೊನ್ನೆ ಎಂದರೆ ಕಾಲು ಅಲುಗುವುದೇ ಇಲ್ಲ. 21 ಎಂದರೆ ಗಾಯವಾಗದ ಇಲಿ. ಯಾವ ಇಲಿಗೆ ಕೋಶ ಹಾಕಿದೆ ಅಂತ ನೋಡುವವರಿಗೆ ಗೊತ್ತಿರಬಾರದು. ನಾವು ಕೋಶ ಹಾಕಿದ ಇಲಿಗಳು ಹಾಕದವುಗಳಿಗಿಂತ ಸುಮಾರು ಎರಡು ಅಂಕ ಮುಂದಿದ್ದವು. ಎರಡು ಅಂಕಕ್ಕೆ ನಾವು ಕೇಕ್ ಕತ್ತರಿಸಿದೆವು.

2006ರ ಡಿಸೆಂಬರಿನಲ್ಲಿ ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಆ ಇಲಿಯ ವೀಡಿಯೊ ಇಟ್ಟುಕೊಂಡು ಬಂದಿದ್ದೆ. ಗೌಡರ ಮನೆಗೆ ಹೋದೆ. ಕೇರಿಯ ಹತ್ತು ಹದಿನೈದು ಜನ ಸೇರಿದರು. ಮೊದಲು ಹಿಂಗಾಲು ಎಳೆದುಕೊಂಡು ಹೋಗುವ ಇಲಿ ತೋರಿಸಿದೆ, ಆಮೇಲೆ ಓಲಾಡುತ್ತ ಹೆಜ್ಜೆ ಇಡುವ ಇಲಿ. ಹುಡುಗರು ಹೋ ಅಂದರು. ಯಾರೋ ಗೌಡರ ಭುಜ ತಟ್ಟಿ "ನೀನೂ ಬತ್ತೆ ತಗ ಕೊನೆ ಕೊಯ್ಯೂಕೆ" ಅಂದರು. ಗೌಡರು ಎರಡನೇ ಸಲ ಹಾಕು ಅಂದರು. ಪೂರ್ತಿ ನೋಡಿದರು. ಎಲ್ಲರೂ ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ದನಿ ತಗ್ಗಿಸಿ ಕೇಳಿದರು.

"ಅಲ್ಲ ತಂಗೀ, ಆ ಇಲಿ ಉಚ್ಚೆ ತಂತಾನೇ ಹೊಯ್ತದ್ಯಾ?"

ನನ್ನ ಬಾಯಿ ಕಟ್ಟಿತು. ಉತ್ತರ ಗೊತ್ತಿತ್ತು. ಒಂದೆರಡು ವಾರವಾದ ಮೇಲೆ ಇಲಿಗಳಿಗೆ ಮೂತ್ರ ತನ್ನಿಂದ ತಾನೇ ಚಿಮ್ಮಲಿಕ್ಕೆ ಶುರುವಾಗುತ್ತದೆ, ಆಗ ನಾವು ಹಿಂಡುವುದನ್ನು ನಿಲ್ಲಿಸುತ್ತೇವೆ. ನಿಲ್ಲಿಸಿದ ದಿನವನ್ನು ಪಂಜರದ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು. ಪ್ರಯೋಗ ಮುಗಿದ ಮೇಲೆ ಚೀಟಿ ಕಸದ ಬುಟ್ಟಿಗೆ. ಕೋಶ ಹಾಕಿದ ಇಲಿಗೆ ಬೇಗ ಸರಿಹೋಯಿತೋ, ಎಲ್ಲವಕ್ಕೂ ಒಂದೇ ಸಮವೋ? ನಾವು ಲೆಕ್ಕವೇ ಹಾಕಿರಲಿಲ್ಲ. ಸಾವಿರ ಸಲ ಕೈಯಾರೆ ಮುಟ್ಟಿದ್ದನ್ನು ಒಂದು ಸಲವೂ ಅಳೆದಿರಲಿಲ್ಲ.

ಗೌಡರ ಮಂಚದ ಕೆಳಗೆ ಮೂತ್ರದ ಚೀಲ ತೂಗುತ್ತಿತ್ತು. ಹತ್ತೊಂಬತ್ತು ವರ್ಷದಿಂದ. ವರ್ಷಕ್ಕೆ ಮೂರು ನಾಲ್ಕು ಸಲ ಚಳಿಜ್ವರ. "ಕಾಲು ಹೋದ್ದು ಹೋಯ್ತು," ಅಂದರು. "ಕೂತಲ್ಲೇ ಬದುಕೂಕೆ ಆಗ್ತದೆ. ಈ ನಾತ ಒಂದು ಇಲ್ದೆ ಹೋದ್ರೆ ನಾನೂ ನಾಕು ಮನೆ ಜಗುಲಿಗೆ ಹೋಗಿ ಕೂತ್ಕಂತಿದ್ದೆ."

ವಾಪಸು ಹೋದ ಮೇಲೆ ನನ್ನ ಮೇಜಿನ ಮೇಲೆ ಎರಡು ವರ್ಷದಿಂದ ಬಿದ್ದಿದ್ದ ಒಂದು ಪ್ರಬಂಧ ತೆಗೆದು ಓದಿದೆ. ಕಿಮ್ ಆಂಡರ್ಸನ್ ಎಂಬ ವಿಜ್ಞಾನಿ 2004ರಲ್ಲಿ ಬರೆದದ್ದು. ಅವರಿಗೂ ಬೆನ್ನುಹುರಿಗೆ ಪೆಟ್ಟಾಗಿದೆ, ಗಾಲಿಕುರ್ಚಿಯಲ್ಲೇ ಸಂಶೋಧನೆ ಮಾಡುವವರು. ಬೆನ್ನುಹುರಿ ಮುರಿದ 681 ಜನರಿಗೆ, ಯಾವುದು ಸರಿಹೋದರೆ ನಿಮ್ಮ ಬದುಕು ಎಲ್ಲಕ್ಕಿಂತ ಸುಧಾರಿಸುತ್ತದೆ ಅಂತ ಕೇಳಿದ್ದರು. ಕುತ್ತಿಗೆಯಲ್ಲಿ ಪೆಟ್ಟಾದವರಲ್ಲಿ ಅರ್ಧದಷ್ಟು ಜನ ಮೊದಲು ಕೇಳಿದ್ದು ಕೈ. ಸೊಂಟದ ಕೆಳಗೆ ಸ್ವಾಧೀನ ಹೋದವರು ಮೊದಲು ಹೇಳಿದ್ದು ದಾಂಪತ್ಯ ಸುಖ. ಮಲಮೂತ್ರದ ಹಿಡಿತವೂ ಮೇಲಿನ ಸಾಲಿನಲ್ಲೇ ಇತ್ತು. ನಡಿಗೆ ಎರಡೂ ಗುಂಪಿನಲ್ಲಿ ಮೊದಲ ಸ್ಥಾನದಲ್ಲಿರಲಿಲ್ಲ. ಇದನ್ನು ಓದಲಿಕ್ಕೆ ನನಗೆ ಗೌಡರ ಮನೆಗೆ ಹೋಗಿ ಬರಬೇಕಾಯಿತು ನೋಡಿ.

2008ರಲ್ಲಿ ಬೆಂಗಳೂರಿಗೆ ಬಂದು ನನ್ನದೇ ಲ್ಯಾಬು ಶುರು ಮಾಡಿದಾಗ ಮೂತ್ರಕೋಶವನ್ನೇ ಹಿಡಿದೆ. ಇದು ಸಣ್ಣ ವಿಷಯವಲ್ಲ. ಮೂತ್ರಕೋಶ ಹಿಂಡಬೇಕು, ಅದೇ ಹೊತ್ತಿಗೆ ಕೆಳಗಿನ ಬಾಯಿ ಸಡಿಲವಾಗಬೇಕು. ಈ ತಾಳ ಹಾಕುವುದು ಮಿದುಳಿನ ಬುಡದಲ್ಲಿರುವ ಒಂದು ಸಣ್ಣ ಜಾಗ. ಬ್ಯಾರಿಂಗ್‌ಟನ್ ಎಂಬುವರು 1925ರಲ್ಲಿ ಬೆಕ್ಕುಗಳಲ್ಲಿ ಅದನ್ನು ಗುರುತಿಸಿದರು. ಬೆನ್ನುಹುರಿ ತುಂಡಾದರೆ ಆ ತಾಳ ಕೆಳಗೆ ತಲುಪುವುದಿಲ್ಲ. ಚೀಲ ಹಿಂಡುತ್ತದೆ, ಬಾಯಿಯೂ ಬಿಗಿಯುತ್ತದೆ. ಒತ್ತಡ ಹಿಂದಕ್ಕೆ ಏರಿ ಮೂತ್ರಪಿಂಡ ಹಾಳು ಮಾಡುತ್ತದೆ. ಹಾಗಾಗಿ ಇಲಿಯ ಉಚ್ಚೆ ತಂತಾನೇ ಚಿಮ್ಮಿತು ಅಂದರೆ ಸರಿಯಾಯಿತು ಅಂತ ಅರ್ಥವಲ್ಲ. ಒಳಗಿನ ಒತ್ತಡ ಅಳೆಯಬೇಕು. ಕೂದಲಿಗಿಂತ ಸ್ವಲ್ಪ ದಪ್ಪದ ನಳಿಗೆ ಹಾಕಿ, ಇಲಿ ಎಚ್ಚರವಿರುವಾಗಲೇ ಗಂಟೆಗಟ್ಟಲೆ ಕೂತು ಗೆರೆ ನೋಡುವ ಕೆಲಸ.

ದುಡ್ಡು ಕೇಳಿ ಬರೆದ ಮೊದಲ ಅರ್ಜಿ ತಿರಸ್ಕಾರವಾಯಿತು. ನಡಿಗೆಯ ಬಗ್ಗೆ ಇದ್ದಿದ್ದರೆ ಇನ್ನೂ ಆಕರ್ಷಕವಾಗಿರುತ್ತಿತ್ತು ಅಂತ ಒಬ್ಬರು ಬರೆದಿದ್ದರು. ಆ ಕಾಗದ ಇಟ್ಟುಕೊಂಡಿದ್ದೇನೆ. ಗೌಡರಿಗೆ ಓದಿ ಹೇಳೋಣ ಅಂದುಕೊಂಡಿದ್ದೆ. 2009ರ ಮಳೆಗಾಲದಲ್ಲಿ ಅವರ ಎರಡೂ ಮೂತ್ರಪಿಂಡ ಕೈಕೊಟ್ಟವು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಬೆನ್ನಿನ ಮೇಲೆ ಒಂದು ಹುಣ್ಣು ಬರಲಿಕ್ಕೆ ಅವರ ಹೆಂಡತಿ ಬಿಟ್ಟಿರಲಿಲ್ಲ. ಆ ಮಣೆಯ ಗಾಯ ಒಂದು ಬಿಟ್ಟು.

ನನ್ನ ಲ್ಯಾಬಿನಲ್ಲಿ ಏನಾಯಿತು? ಕೋಶ ಹಾಕಿದ ಕೆಲವು ಗುಂಪುಗಳಲ್ಲಿ ಒತ್ತಡ ಇಳಿಯಿತು, ಮತ್ತೆ ಮಾಡಿದಾಗ ಕೆಲವು ಸಲ ಇಳಿಯಲಿಲ್ಲ. ಇಷ್ಟನ್ನು ಹೇಳಲಿಕ್ಕೆ ಹದಿನೇಳು ವರ್ಷ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ತಂಡ ಮನುಷ್ಯನ ಸ್ಟೆಮ್ ಸೆಲ್‌ನಿಂದ ನರಗಳ ಉದ್ರೇಕ ತಗ್ಗಿಸುವ ಕೋಶಗಳನ್ನು ಮಾಡಿ ಇಲಿಗಳ ಬೆನ್ನುಹುರಿಗೆ ಹಾಕಿ, ನೋವು ಮತ್ತು ಮೂತ್ರದ ತೊಂದರೆ ಎರಡೂ ಕಮ್ಮಿಯಾದದ್ದನ್ನು ತೋರಿಸಿದಾಗ ನನಗೆ ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು. ದಾರಿ ಇದೆ ಅಂತಾಯಿತಲ್ಲ.

ಮತ್ತೆ ಮಾಡಿದಾಗ ಬಾರದಿರುವುದು ನನ್ನೊಬ್ಬಳ ಕತೆಯಲ್ಲ. ಅಮೆರಿಕದ ಸರ್ಕಾರಿ ನರರೋಗ ಸಂಸ್ಥೆ 2003ರಿಂದ ಹೆಸರು ಮಾಡಿದ ಪ್ರಯೋಗಗಳನ್ನು ಬೇರೆ ಲ್ಯಾಬುಗಳಲ್ಲಿ ಮತ್ತೆ ಮಾಡಿಸಿ ನೋಡಿತು. ಹೆಚ್ಚಿನವು ಮೊದಲಿನಂತೆ ಬರಲಿಲ್ಲ. ಮನುಷ್ಯರ ಮೇಲಿನ ಪ್ರಯೋಗಗಳಲ್ಲೂ ಹತ್ತಿ ಇಳಿಯುವುದೇ ನಡೆದಿದೆ. ಜೆರಾನ್ ಕಂಪನಿ ಭ್ರೂಣದ ಸ್ಟೆಮ್ ಸೆಲ್‌ನಿಂದ ಮಾಡಿದ ಕೋಶಗಳನ್ನು 2010ರ ಅಕ್ಟೋಬರಿನಲ್ಲಿ ಮೊದಲ ರೋಗಿಗೆ ಹಾಕಿತು. ಮರುವರ್ಷದ ನವೆಂಬರಿನಲ್ಲಿ ದುಡ್ಡಿನ ಕಾರಣಕ್ಕೆ ನಿಲ್ಲಿಸಿತು. ಆಸ್ಟ್ರೇಲಿಯಾದ ಅಲನ್ ಮೆಕೇ-ಸಿಮ್ ಬ್ರಿಸ್ಬೇನಿನಲ್ಲಿ ರೋಗಿಯ ಮೂಗಿನಿಂದಲೇ ಕೋಶ ತೆಗೆದು ಬೆನ್ನುಹುರಿಗೆ ಹಾಕಿದರು. 2002ರಲ್ಲಿ ಶುರುವಾದ ಪ್ರಯೋಗ. ಕೋಶ ಹಾಕಿಸಿಕೊಂಡವರು ಮೂವರು, ಹೋಲಿಸಲಿಕ್ಕೆ ಇನ್ನು ಮೂವರು. ಮೂರು ವರ್ಷ ಕಾದು ನೋಡಿ, ಅಪಾಯವಾಗಿಲ್ಲ, ಆದರೆ ಕಾಲಿಗೆ ಶಕ್ತಿ ಬಂದಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರು. ಆ ದೇಶ 2017ರಲ್ಲಿ ಅವರನ್ನು ವರ್ಷದ ಆಸ್ಟ್ರೇಲಿಯನ್ ಅಂತ ಗೌರವಿಸಿತು. ಅದೇ ಮೂಗಿನ ಪೊರೆಯನ್ನು ಬೇರೆ ಕಡೆ ಬೇರೆ ರೀತಿಯಲ್ಲಿ ಹಾಕಿಸಿಕೊಂಡ ಒಬ್ಬ ಹುಡುಗಿಗೆ ಎಂಟು ವರ್ಷದ ಮೇಲೆ ಬೆನ್ನು ನೋವು ಬಂತು. ತೆರೆದು ನೋಡಿದರೆ ಬೆನ್ನುಹುರಿಯಲ್ಲಿ ಗಡ್ಡೆ, ಒಳಗೆ ಸಿಂಬಳದಂಥ ದ್ರವ. ಮೂಗಿನ ಕೋಶ ತನ್ನ ಕಸುಬು ಬಿಟ್ಟಿರಲಿಲ್ಲ. 2014ರಲ್ಲಿ ಇದು ವರದಿಯಾಯಿತು. ಸ್ಟೆಮ್ ಸೆಲ್ ಹಾಕಿಸಿಕೊಂಡರೆ ಕಳಕೊಳ್ಳುವುದೇನು ಅಂತ ಕೇಳುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ.

ಹೇಳುವ ಅಧಿಕಾರ ನನಗೆ ಇದೆಯಾ ಅಂತ ಅನುಮಾನ ಬಂದದ್ದು 2018ರಲ್ಲಿ. ಅಂಕೋಲಾ ಕಡೆಯ ಒಂದು ಕುಟುಂಬ ನನ್ನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂತು. ಅಪ್ಪ, ಅಮ್ಮ, ಇಪ್ಪತ್ತನಾಲ್ಕು ವರ್ಷದ ಮಗ. ಹೆದ್ದಾರಿಯಲ್ಲಿ ಬೈಕ್ ಬಿದ್ದು ಎರಡು ವರ್ಷವಾಗಿತ್ತು. ಒಂದು ಊರಿನ ಒಂದು ಕ್ಲಿನಿಕ್ಕಿನಲ್ಲಿ ಮೂರು ಸಲ ಬೆನ್ನಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಿದ್ದರು. ದೋಣಿ ಮಾರಿದ್ದರು. ನಾಲ್ಕನೆಯದು ಮಾಡಿಸಬೇಕಾ ಅಂತ ಕೇಳಲಿಕ್ಕೆ ಬಂದಿದ್ದರು. ಅಮ್ಮ ಪ್ಲಾಸ್ಟಿಕ್ ಕವರಿನಿಂದ ಒಂದು ಪೇಪರ್ ತುಂಡು ತೆಗೆದು ಮೇಜಿನ ಮೇಲೆ ಇಟ್ಟರು. ಮಡಚಿ ಮಡಚಿ ಗೆರೆ ಬಿದ್ದಿತ್ತು. ಅದರಲ್ಲಿ ನನ್ನ ಫೋಟೊ. ಬೆನ್ನುಹುರಿ ಮುರಿದವರೂ ಇನ್ನು ನಡೆಯಬಹುದು, ಶಿರಸಿಯ ವಿಜ್ಞಾನಿಯ ಸಾಧನೆ ಅಂತ ತಲೆಬರಹ. ಕೆಳಗೆ ನಾಲ್ಕನೇ ಪ್ಯಾರಾದಲ್ಲಿ ಇಲಿಗಳಲ್ಲಿ ಮಾತ್ರ ಅಂತ ಒಂದು ಸಾಲು ಇತ್ತು.

ತಲೆಬರಹ ನಾನು ಕೊಟ್ಟದ್ದಲ್ಲ. ಆದರೆ ಬಂದ ದಿನ ಓದಿ ಖುಷಿಪಟ್ಟಿದ್ದೆ. ತಿದ್ದಿ ಅಂತ ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಅಪ್ಪಯ್ಯ ಅದಕ್ಕೆ ಫ್ರೇಮು ಹಾಕಿಸಿದ್ದರು.

ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನಮ್ಮ ದೇಶದಲ್ಲಿ ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಅಂತ ಮಾರುವ ಹಾಗಿಲ್ಲ. ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಪ್ರಯೋಗ ಅಂದರೆ ರೋಗಿಯಿಂದ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಬಿಲ್ಲು ಕೊಟ್ಟರು ಅಂದರೆ ಅಲ್ಲಿಂದ ಎದ್ದು ಬನ್ನಿ. ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಸುಧಾರಿಸಿತಲ್ಲ ಅಂತ ಆ ಅಪ್ಪ ಕೇಳಿದರು. ಪೆಟ್ಟಾದ ಮೊದಲ ಆರು ತಿಂಗಳು, ಒಂದು ವರ್ಷದಲ್ಲಿ ಏನೂ ಮಾಡದೆಯೂ ಕೆಲವರಿಗೆ ಸ್ವಲ್ಪ ಸುಧಾರಿಸುತ್ತದೆ. ಅದೇ ಹೊತ್ತಿಗೆ ಇಂಜೆಕ್ಷನ್ ಕೊಟ್ಟವರು ಹೆಸರು ತೆಗೆದುಕೊಳ್ಳುತ್ತಾರೆ.

ಹುಡುಗ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಅವನ ಹತ್ತಿರ ನಾನು ಕೇಳಿದ್ದು ಒಂದೇ, ಮೂತ್ರಕ್ಕೆ ಏನು ಮಾಡ್ತೀಯಾ ಅಂತ. ಅಪ್ಪ ಅಮ್ಮನನ್ನು ಹೊರಗೆ ಹೋಗಲಿಕ್ಕೆ ಹೇಳಿದ. ಆಮೇಲೆ ಅರ್ಧ ಗಂಟೆ ಮಾತಾಡಿದ. ದಿನಕ್ಕೆ ನಾಲ್ಕೈದು ಸಲ ತಾನೇ ಸಣ್ಣ ನಳಿಗೆ ಹಾಕಿ ಮೂತ್ರ ತೆಗೆದುಕೊಳ್ಳುವ ಪದ್ಧತಿ ಇದೆ. ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಬಳಕೆಗೆ ತಂದದ್ದು. ಕೈ ಸೋಪಿನಲ್ಲಿ ತೊಳೆದರೆ ಸಾಕು, ಆಸ್ಪತ್ರೆಯ ಮಟ್ಟದ ಶುದ್ಧಿ ಬೇಕಿಲ್ಲ ಅಂತ ಅವರು ಹೇಳಿದಾಗ ಆಗಿನ ಡಾಕ್ಟರುಗಳು ನಂಬಿರಲಿಲ್ಲ. ಚೀಲ ಬೇಡ, ನಾತ ಇಲ್ಲ, ಮೂತ್ರಪಿಂಡವೂ ಉಳಿಯುತ್ತದೆ. ಗೌಡರಿಗೂ ಇದು ಸಿಗಬಹುದಿತ್ತು. ಅದು ಬಂದು ಹದಿನೈದು ವರ್ಷವಾದ ಮೇಲೆ ಅವರು ಬಿದ್ದದ್ದು. ನಾನು ಅವರಿಗೆ ಇಲಿ ತೋರಿಸಲಿಕ್ಕೆ ಹೋದೆ, ನಳಿಗೆ ತೋರಿಸಲಿಲ್ಲ.

ಹುಡುಗನನ್ನು ವೆಲ್ಲೂರಿಗೆ ಕಳಿಸಿದೆ. ಅಲ್ಲಿಯ ಪುನಶ್ಚೇತನ ಕೇಂದ್ರ 1966ರಲ್ಲಿ ಶುರುವಾದದ್ದು, ಕಟ್ಟಿದವರು ಮೇರಿ ವರ್ಗೀಸ್. 1954ರಲ್ಲಿ ಕಾರು ಅಪಘಾತದಲ್ಲಿ ಅವರ ಬೆನ್ನುಹುರಿ ಮುರಿದಿತ್ತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳ ಆಪರೇಷನ್ ಮಾಡುತ್ತಿದ್ದ ಸರ್ಜನ್ ಅವರು. ಹುಡುಗ ಎರಡು ತಿಂಗಳು ಇದ್ದು ಬಂದ. ಈಗ ಮನೆಯ ಮುಂದೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

2025ರ ಮಾರ್ಚಿನಲ್ಲಿ ಅವನ ಫೋನ್ ಬಂತು. "ಮೇಡಂ, ಜಪಾನ್ ಸುದ್ದಿ ನೋಡಿದ್ರಾ?" ನೋಡಿದ್ದೆ. ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ ಹಿದೆಯುಕಿ ಒಕಾನೊ, ಮಸಾಯ ನಕಾಮುರ ಅವರ ತಂಡದ್ದು. ಸಾಮಾನ್ಯ ಕೋಶವನ್ನೇ ಮತ್ತೆ ಎಳೆಯದಾಗಿಸುವ ಜಪಾನಿನ ವಿಜ್ಞಾನಿ ಯಮಾನಕ ಅವರ ವಿಧಾನದಿಂದ ಮಾಡಿದ ಕೋಶಗಳು, ಒಬ್ಬೊಬ್ಬರಿಗೆ ಇಪ್ಪತ್ತು ಲಕ್ಷ ಕೋಶ. 2021ರ ಡಿಸೆಂಬರಿನಲ್ಲಿ ಮೊದಲ ಆಪರೇಷನ್. ಒಟ್ಟು ನಾಲ್ಕು ಜನ. ಯಾರಿಗೂ ಗಂಭೀರ ತೊಂದರೆಯಾಗಿಲ್ಲ, ಇಬ್ಬರಿಗೆ ಗುಣ ಕಂಡಿದೆ, ಒಬ್ಬರು ಆಧಾರವಿಲ್ಲದೆ ನಿಂತು ನಡಿಗೆಯ ಅಭ್ಯಾಸ ಮಾಡುತ್ತಿದ್ದಾರೆ. ನನಗೂ ಆ ದಿನ ನಿದ್ದೆ ಬಂದಿರಲಿಲ್ಲ. ಆದರೆ ನಾಲ್ಕೇ ಜನ, ಹೋಲಿಸಲಿಕ್ಕೆ ಇನ್ನೊಂದು ಗುಂಪಿಲ್ಲ. ಎಲ್ಲರಿಗೂ ಪೆಟ್ಟಾದ 14ರಿಂದ 28 ದಿನದೊಳಗೆ ಹಾಕಿದ್ದು. ಗಾಯ ಹಸಿ ಇರುವಾಗ.

"ನಂದು ಒಂಬತ್ತು ವರ್ಷ ಆಯ್ತು," ಅಂದ.

"ಹೌದು," ಅಂದೆ.

ಆಚೆ ಕಡೆ ಸ್ವಲ್ಪ ಹೊತ್ತು ಬರೀ ಲಾರಿಗಳ ಸದ್ದು. ಅಂಗಡಿ ಹೆದ್ದಾರಿ ಪಕ್ಕದಲ್ಲೇ ಇದೆ.

"ಮೇಡಂ, ಇನ್ನೊಂದು ಕೇಳ್ಬೇಕಿತ್ತು. ಹುಬ್ಬಳ್ಳಿಯಲ್ಲಿ ಮೂತ್ರದ 14 ನಂಬರ್ ಪೈಪು ಹೋಲ್‌ಸೇಲ್ ಸಿಗ್ತದ್ಯಾ? ಇಲ್ಲಿ ಹತ್ತು ಒಟ್ಟಿಗೆ ತಕಂಡ್ರೂ ರೇಟು ಬಿಡೂದಿಲ್ಲ. ಈಗ ನಮ್ಮ ಕಡೆ ನಾವು ಐದು ಜನ ಆಗಿದ್ದೇವೆ."

ವಿಚಾರಿಸಿ ಹೇಳ್ತೇನೆ ಅಂದೆ. ನೂರರ ಪೆಟ್ಟಿಗೆ ತೆಗೆದುಕೊಂಡರೆ ಕಮ್ಮಿ ಬೀಳುತ್ತದೆ. ಈಗ ಹುಬ್ಬಳ್ಳಿಯಿಂದ ಅಂಕೋಲಾ ಬಸ್ಸಿಗೆ ಹಾಕಿ ಕಳಿಸುತ್ತಾರೆ.